‘ಜಾರಿ’ ಎಂಬ ಒಂದು ಪದ ಕಲಿಸಿದ್ದು

ತುಮಕೂರು ಜಿಲ್ಲೆಯ ಒಂದು ಪುರಸಭೆಯಲ್ಲಿ ಕಟ್ಟಡ ಪರಿಶೀಲನೆಯ ಕೆಲಸಕ್ಕೆ ಸೇರಿ ಆಗ ವರ್ಷ ತುಂಬಿರಲಿಲ್ಲ. ರಸ್ತೆಬದಿಯ ಚರಂಡಿ ಮೇಲೆ ಅಂಗಡಿ ಕಟ್ಟಿದ್ದವರೊಬ್ಬರು ನಮ್ಮ ಮೇಲೆ ದಾವೆ ಹಾಕಿದ್ದರು. ಮಧ್ಯಂತರ ಅರ್ಜಿಯ ವಿಚಾರಣೆಯ ದಿನ ಕಡತ ಹೊತ್ತುಕೊಂಡು ನಮ್ಮ ವಕೀಲರ ಹಿಂದೆ ನಿಂತಿದ್ದೆ. ಟಿಪ್ಪಣಿ ಹಾಳೆಯಲ್ಲಿ ನನ್ನದೇ ಕೈಬರಹ: ‘ನೋಟಿಸ್ ಜಾರಿ ಮಾಡಲಾಗಿದೆ.’ ನ್ಯಾಯಾಧೀಶರು ಅದನ್ನು ಓದಿ ಕೇಳಿದರು: “ಜಾರಿ ಅಂದ್ರೆ ಕಚೇರಿಯಿಂದ ಹೊರಡಿಸಿದ್ದೋ, ಅವರ ಕೈಗೆ ಮುಟ್ಟಿಸಿದ್ದೋ?”

ಹೊರಡಿಸಿದ್ದು ನಿಜ, ರವಾನೆ ವಹಿಯಲ್ಲಿ ನಂಬರ್ ಇತ್ತು. ಮುಟ್ಟಿಸಿದ್ದೂ ನಿಜ. ನಾನೇ ಹೋಗಿ ಅಂಗಡಿಯಲ್ಲಿದ್ದ ಹುಡುಗನ ಕೈಗೆ ಕೊಟ್ಟು ಬಂದಿದ್ದೆ. ಆದರೆ ಸಹಿ ಹಾಕಿಸಿಕೊಂಡಿರಲಿಲ್ಲ. ತಡೆಯಾಜ್ಞೆ ಆಯಿತು. ಚರಂಡಿಯ ಹೂಳು ತೆಗೆಯಲಾಗದೆ ಆ ಮಳೆಗಾಲದಲ್ಲಿ ಹಿಂದಿನ ಮನೆಗಳಿಗೆ ನೀರು ನುಗ್ಗಿತು. ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಚೀಲ ಎತ್ತಿ ಮಂಚದ ಮೇಲೆ ಇಡುತ್ತಿದ್ದ ಒಬ್ಬ ತಾಯಿಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪದಕ್ಕೆ ಅರ್ಥ ಬರೆಯುವ ಬದಲು ಮೂರು ಸಂಗತಿ ಬರೆದುಕೊಳ್ಳುತ್ತಿದ್ದೆ: ಇದನ್ನು ಯಾರು ಮಾಡಬೇಕು, ಎಷ್ಟು ದಿನದೊಳಗೆ, ಕಡತದಲ್ಲಿ ಯಾವ ಹಾಳೆ ಇರಬೇಕು. ಮೊದಲ ಪುಟದಲ್ಲೇ ‘ಜಾರಿ’ ಮೂರು ಹೋಳಾಯಿತು. ನೋಟಿಸ್ ಹೊರಡಿಸುವುದು, ಅದಕ್ಕೆ ರವಾನೆ ವಹಿ ಸಾಕ್ಷಿ. ನೋಟಿಸ್ ತಲುಪಿಸುವುದು, ಅದಕ್ಕೆ ಸ್ವೀಕೃತಿ ಸಹಿ ಅಥವಾ ನೋಂದಾಯಿತ ಅಂಚೆಯ ರಸೀದಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಬಾಗಿಲಿಗೆ ಅಂಟಿಸಿ, ಇಬ್ಬರ ಸಹಿಯೊಂದಿಗೆ ಮಹಜರು, ಅಂದರೆ ಸ್ಥಳದಲ್ಲೇ ಬರೆದ ವರದಿ. ಮೂರನೆಯದು ಆದೇಶವನ್ನು ಜಾರಿಗೆ ತರುವುದು, ಅಂದರೆ ಗೋಡೆ ಇಳಿಸುವುದು. ಮೊದಲ ಎರಡು ಆಗದೆ ಮೂರನೆಯದಕ್ಕೆ ಕೈ ಹಾಕುವಂತಿಲ್ಲ. ಆಮೇಲೆ ನಾನು ಕಡತದಲ್ಲಿ ‘ಜಾರಿ’ ಎಂದು ಬರೆಯುವುದನ್ನೇ ಬಿಟ್ಟೆ. ‘ಹೊರಡಿಸಿದೆ’, ‘ತಲುಪಿಸಿದೆ’ ಎಂದೇ ಬರೆಯುತ್ತೇನೆ.

‘ಪ್ರಕರಣ’ದ್ದೂ ಇದೇ ಕಥೆ. ಕಾಯ್ದೆಯ ಪುಸ್ತಕದಲ್ಲಿ ಅದು ಕಲಂ, ಕೋರ್ಟಿನಲ್ಲಿ ಅದು ಕೇಸು. ‘ಸದರಿ ಪ್ರಕರಣದಲ್ಲಿ ಪ್ರಕರಣ 187ರ ಪ್ರಕಾರ’ ಎಂದು ಬರೆದರೆ ಓದುವವರು ಎಲ್ಲಿ ನಿಲ್ಲಬೇಕು? ನಾನು ‘ಕಲಂ’ ಹಿಡಿದೆ.

ಪುರಸಭೆಯಿಂದ ತುಮಕೂರು ಮಹಾನಗರ ಪಾಲಿಕೆಯ ಕೆಲಸಕ್ಕೆ ಬಂದಾಗ ಮತ್ತೊಂದು ಪಾಠ ಕಾದಿತ್ತು. ನಮ್ಮ ಕಾಯ್ದೆಗಳು ಎರಡು. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಅಧಿನಿಯಮ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮ. ಕಟ್ಟಡ ಕಟ್ಟುವವರು ಮೊದಲೇ ತಿಳಿಸಿ ಅನುಮತಿ ಪಡೆಯಬೇಕೆನ್ನುವುದು 1964ರಲ್ಲಿ ಕಲಂ 187. ಪಾಲಿಕೆ ವ್ಯಾಪ್ತಿಯಲ್ಲಿ ಅಕ್ರಮ ಕಟ್ಟಡಕ್ಕೆ ಹಿಡಿಯಬೇಕಾದ್ದು 1976ರ ಕಲಂ 321. ಹಳೆ ಕಚೇರಿಯ ನಮೂನೆಯನ್ನೇ ತಂದು ಹೆಸರು, ವಿಳಾಸ ಬದಲಿಸಿ ನೋಟಿಸ್ ಕೊಟ್ಟರೆ ಇಲ್ಲದ ಅಧಿಕಾರ ಚಲಾಯಿಸಿದ ಹಾಗೆ. ಸಹಿ ಹಾಕುವವರೂ ಬೇರೆ: ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು, ಪಾಲಿಕೆಯಲ್ಲಿ ಆಯುಕ್ತರು ಅಥವಾ ಅವರು ಲಿಖಿತವಾಗಿ ಅಧಿಕಾರ ವಹಿಸಿಕೊಟ್ಟವರು. ಆ ವಹಿಸಿಕೊಟ್ಟ ಆದೇಶದ ಪ್ರತಿಯೂ ಕಡತದಲ್ಲಿರಬೇಕು.

ಕಲಂ 321 ನನಗೆ ಚೆನ್ನಾಗಿ ಅರ್ಥವಾದದ್ದು ಶಿರಾಗೇಟ್ ಕಡೆಯ ಒಬ್ಬ ಅಜ್ಜಿಯಿಂದ. ನೋಟಿಸ್ ಕೊಡಲು ಹೋದಾಗ ಕಾಗದ ನೋಡಿದ್ದೇ ತಡ ಅವರ ಕೈ ನಡುಗತೊಡಗಿತು. “ಏನ್ ಸ್ವಾಮಿ, ನಾಳೆ ಜೆಸಿಬಿ ತಂದ್‌ಬಿಡ್ತೀರಾ?” ಅಂದರು. ಜಗುಲಿಯ ಮೇಲೆ ಕೂತು ಒಂದೊಂದೇ ಸಾಲು ಬಿಡಿಸಿ ಹೇಳಿದೆ. “ಇಲ್ಲಜ್ಜಿ. ಇದು ತಾತ್ಕಾಲಿಕ ಆದೇಶ, 321ರ ಒಂದನೇ ಉಪಕಲಂ. ಮೆಟ್ಟಿಲು ನಕ್ಷೆ ಮೀರಿ ಬಂದೈತೆ ಅಂತ ನಮ್ಮ ಕಣ್ಣಿಗೆ ಕಂಡದ್ದು. ಇದರ ಜತೆಗಿರೋದು ಕಾರಣ ಕೇಳುವ ನೋಟಿಸ್, ಎರಡನೇ ಉಪಕಲಂ. ಈ ಆದೇಶ ಯಾಕೆ ಖಾಯಂ ಮಾಡಬಾರದು ಅಂತ ನೀವು ಹೇಳ್ಬೇಕು. ನೀವು ಹೇಳಿದ್ದು ಕೇಳಿದ ಮೇಲೇನೇ ಮೂರನೆಯದು, ಸ್ಥಿರೀಕರಣ ಆದೇಶ. ಅದೂ ಒಪ್ಪಿಗೆ ಆಗ್ದಿದ್ರೆ ಬೆಂಗಳೂರಲ್ಲಿ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗ್ಬಹುದು, ಅದು 443ಎ.” ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಇದು ಪ್ರಶ್ನೆ ಕೇಳೋ ಕಾಗ್ದ” ಅಂದರು. ಕಾರಣ ಕೇಳುವ ನೋಟಿಸ್‌ಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಂಡೆ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ತೆರವಿನ ಬಗ್ಗೆ ಕೊಟ್ಟ ನಿರ್ದೇಶನಗಳು ಆ ಪ್ರಶ್ನೆಗೆ ಕಾಲಾವಕಾಶ ಗೊತ್ತುಮಾಡಿದವು. ನೋಟಿಸ್ ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಕಟ್ಟಡಕ್ಕೂ ಅಂಟಿಸಬೇಕು, ಉತ್ತರಕ್ಕೆ 15 ದಿನ ಕೊಡಬೇಕು, ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಇರಬೇಕು. ಅಂತಿಮ ಆದೇಶದ ನಂತರ ಮತ್ತೆ 15 ದಿನ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ಕೆರೆ ಮುಂತಾದ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನ ಅನ್ವಯಿಸದು. ಹಾಗಾಗಿ ‘ಅಕ್ರಮ ಕಟ್ಟಡ’ ಮತ್ತು ‘ಒತ್ತುವರಿ’ ಒಂದೇ ಅಲ್ಲ ಎಂಬುದು ಈಗ ಇನ್ನೂ ಮುಖ್ಯ. ಸ್ವಂತ ನಿವೇಶನದಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಡದೆ ಕಟ್ಟಿದ್ದು ಮೊದಲನೆಯದು, ಅಮಾನಿಕೆರೆಯ ದಂಡೆಗೆ ಗೋಡೆ ಚಾಚಿದರೆ ಎರಡನೆಯದು. ಎರಡಕ್ಕೂ ಒಂದೇ ನಮೂನೆ ಬಳಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಫುಟ್‌ಪಾತ್ ಮೇಲಿನ ತಳ್ಳುಗಾಡಿಯನ್ನೂ ಒತ್ತುವರಿ ಲೆಕ್ಕಕ್ಕೆ ಸೇರಿಸುವುದು ಇನ್ನೊಂದು ತಪ್ಪು. ಬೀದಿ ವ್ಯಾಪಾರಿಗಳಿಗೆ 2014ರ ಪ್ರತ್ಯೇಕ ಕಾಯ್ದೆ ಇದೆ, ಎಬ್ಬಿಸುವ ಮುನ್ನ 30 ದಿನದ ನೋಟಿಸ್ ಕೊಡಬೇಕೆಂದು ಅದು ಹೇಳುತ್ತದೆ.

ಮಹಜರಿನ ಬಗ್ಗೆ ಹೊಸಬರಿಗೆ ನಾನು ಪದೇ ಪದೇ ಹೇಳುವುದು ಅಳತೆಯ ಮಾತು. ‘ಸುಮಾರು ಎರಡು ಅಡಿ’ ಎಂದು ಬರೆಯಬೇಡಿ. ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆ) ಬರೆದು, ಎಲ್ಲಿಂದ ಎಲ್ಲಿಗೆ ಟೇಪ್ ಹಿಡಿದಿರಿ ಎಂದು ಹೇಳಿ, ಅಡಿ–ಇಂಚು ಹಾಕಿ. ಪಂಚರು, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳು, ನಮ್ಮ ಸಿಬ್ಬಂದಿ ಆಗಿರಬಾರದು, ಅಕ್ಕಪಕ್ಕದವರಾಗಿದ್ದರೆ ಒಳ್ಳೆಯದು. ಬರೆದದ್ದನ್ನು ಅವರಿಗೆ ಓದಿ ಹೇಳಿದ ಮೇಲೇ ಸಹಿ. ಮೊಬೈಲಿನಲ್ಲಿ ತೆಗೆದ ಫೋಟೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಪ್ರಮಾಣಪತ್ರ ಬೇಕು. ಮೊದಲು ಅದು ಸಾಕ್ಷ್ಯ ಅಧಿನಿಯಮದ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63.

ಕೇವಿಯಟ್ ಗೊತ್ತಿದ್ದರೆ ಆ ಚರಂಡಿಯ ದಾವೆಯಲ್ಲಿ ನಮ್ಮ ಮಾತನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಬಹುದಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಅದನ್ನು ಹಾಕಿದರೆ ನಮಗೆ ತಿಳಿಸದೆ ಏಕಪಕ್ಷೀಯ ಆದೇಶ ಆಗುವುದಿಲ್ಲ, 90 ದಿನ ಊರ್ಜಿತ. ದಿನ ಮುಗಿಯುವ ಮುಂಚೆ ನವೀಕರಿಸಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ‘ಯಥಾಸ್ಥಿತಿ ಕಾಯ್ದುಕೊಳ್ಳಿ’ ಎಂದು ಆದೇಶ ಬಂದರೆ ಅದು ಇಬ್ಬರಿಗೂ: ನಾವು ಕೆಡವುವಂತಿಲ್ಲ, ಅವರು ಒಂದು ಇಟ್ಟಿಗೆ ಏರಿಸುವಂತಿಲ್ಲ. ಆ ದಿನವೇ ಹೋಗಿ ಕಟ್ಟಡ ಯಾವ ಹಂತದಲ್ಲಿದೆ ಎಂದು ಫೋಟೊ ಸಹಿತ ಮಹಜರು ಮಾಡಿ.

ಅಜ್ಜಿ ಹದಿನೈದು ದಿನದೊಳಗೆ ಮೊಮ್ಮಗನ ಕೈಲಿ ಉತ್ತರ ಬರೆಸಿ ತಂದರು. ಮೆಟ್ಟಿಲನ್ನು ತಾವೇ ಒಳಗೆ ತೆಗೆದುಕೊಳ್ಳುವುದಾಗಿ, ಎರಡು ತಿಂಗಳು ಬೇಕೆಂದು ಅದರಲ್ಲಿತ್ತು. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟೆ. ಮುದ್ರೆಯಲ್ಲಿ ತಾರೀಖು ಸರಿಯಾಗಿ ಮೂಡಿದೆಯೇ ಎಂದು ಕಣ್ಣಿನ ಹತ್ತಿರ ಹಿಡಿದು ನೋಡಿ, ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದರು.