ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಆರಿಸಿಕೊಂಡಿದ್ದು ಹೀಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಇಲ್ಲ, ಅಂದರೆ ವಿಂಡೋಸ್ 11ರ ಬಾಗಿಲು ಮುಚ್ಚಿದ ಹಾಗೆಯೇ. ಆದರೆ ಯಂತ್ರ ಗಟ್ಟಿಯಾಗಿದೆ. 4 ಜಿಬಿ ರ‍್ಯಾಮ್ ಇದೆ, ಎಸ್ಎಸ್‌ಡಿ ಇದೆ. ಸುಮ್ನೆ ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂದುಕೊಂಡೆ.

ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬೇರೆ ಬೇರೆ ರೂಪಗಳು, ನೂರಾರು. ಆದರೆ ಎಲ್ಲದರ ಒಳಗೂ ಇರುವುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಅದೇ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು. ಹಾಗಾಗಿ ಹೆಸರುಗಳ ಹಿಂದೆ ಬೀಳಲಿಲ್ಲ. ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ, ಡೆಸ್ಕ್‌ಟಾಪ್ (ತೆರೆಯ ಮೇಲಿನ ಮೆನು, ಕಿಟಕಿಗಳ ವ್ಯವಸ್ಥೆ) ಎಷ್ಟು ಹಗುರ, ಇವೆರಡನ್ನೇ ನೋಡಿದೆ. ಉಬುಂಟು, ಮಿಂಟ್, ಡೆಬಿಯನ್ ಉಳಿದವು.

ಪೆನ್‌ಡ್ರೈವ್‌ಗೆ ವೆಂಟಾಯ್ ಎಂಬ ಬೂಟ್ ಮಾಡಿಸುವ ಸಾಧನ ಹಾಕಿ, ಮೂರರ ಲೈವ್ ಐಎಸ್ಒ ಫೈಲ್‌ಗಳನ್ನೂ (ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದಾದ ಪ್ರತಿಗಳು) ಅದರಲ್ಲೇ ಕಾಪಿ ಮಾಡಿದೆ. ಬೂಟ್ ಮಾಡಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿದರಾಯಿತು. ಡಿಸ್ಕ್ ಮುಟ್ಟದೆಯೇ ಇಡೀ ವ್ಯವಸ್ಥೆ ರ‍್ಯಾಮ್ ಮತ್ತು ಪೆನ್‌ಡ್ರೈವ್‌ನಿಂದ ಓಡುತ್ತದೆ. ಸ್ಕ್ರೀನ್‌ಶಾಟ್ ನೋಡಿ ಮರುಳಾಗುವುದಕ್ಕಿಂತ ಈ ಪರೀಕ್ಷೆ ಸಾವಿರ ಪಾಲು ಮೇಲು.

ಒಂದೊಂದರಲ್ಲೂ ಅದದೇ ಕೆಲಸ ಮಾಡಿದೆ. ವೈಫೈ ಸಿಗುತ್ತದಾ? ವಿಡಿಯೋ ಹಾಕಿದರೆ ಶಬ್ದ ಬರುತ್ತದಾ? ಪ್ರಿಂಟರ್ ಕಾಣಿಸುತ್ತದಾ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತದಾ? ಈ ಕೊನೆಯದನ್ನು ತುಂಬಾ ಜನ ನೋಡುವುದೇ ಇಲ್ಲ, ದಿನವೂ ಕಾಡುವುದು ಮಾತ್ರ ಅದೇ. ಆಮೇಲೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಕೀಲಿ ವಿನ್ಯಾಸ ಸೇರಿಸಿ, ಲಿಬ್ರೆಆಫೀಸ್ ರೈಟರ್‌ನಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಟೈಪ್ ಮಾಡಿದೆ. ಒತ್ತಕ್ಷರಗಳು ನೀಟಾಗಿ ಕೂತವು. ಕನ್ನಡದಲ್ಲೇ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ, ಅಲ್ವಾ? ಅಂದ ಹಾಗೆ, ‘ನುಡಿ’ ತಂತ್ರಾಂಶದ ಹಳೆ ಫಾಂಟ್‌ಗಳಲ್ಲಿ ಬರೆದ ಫೈಲ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲ. ವಿಂಡೋಸ್ ತೆಗೆಯುವ ಮೊದಲೇ ಅವನ್ನು ಯೂನಿಕೋಡ್‌ಗೆ ಬದಲಾಯಿಸಿಕೊಂಡೆ.

ಉಬುಂಟುವಿನ ಡೆಸ್ಕ್‌ಟಾಪ್ ಗ್ನೋಮ್ ನೋಡಲು ಚೆಂದ. ಆದರೆ ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ 4 ಜಿಬಿ ಸಾಲದು, ಎಳೆದಾಡುತ್ತದೆ. ಡೆಬಿಯನ್ ಬಂಡೆಯಂತೆ ಸ್ಥಿರ. 2023ರ ಡೆಬಿಯನ್ 12ರಿಂದ ವೈಫೈ ಫರ್ಮ್‌ವೇರ್ (ವೈಫೈ ಭಾಗ ಕೆಲಸ ಮಾಡಲು ಬೇಕಾದ ತಂತ್ರಾಂಶ) ಕೂಡ ಜೊತೆಯಲ್ಲೇ ಬರುತ್ತದೆ. ಆದರೂ ಮನೆಯವರೆಲ್ಲ ಬಳಸುವ ಯಂತ್ರಕ್ಕೆ ಮಿಂಟ್‌ನ ಎಕ್ಸ್ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಇರುವ ಆವೃತ್ತಿಯೇ ಸರಿ ಅನ್ನಿಸಿತು. ಹಗುರವಾಗಿದೆ, ಮೆನು ಎಡಮೂಲೆಯಲ್ಲಿದೆ, ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಫೋಟೋ, ಕಾಗದಪತ್ರಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಟ್ಟು, ಇಡೀ ಎಸ್ಎಸ್‌ಡಿ ಅಳಿಸಿ ಇನ್‌ಸ್ಟಾಲ್ ಮಾಡಿದೆ. ಮುಗಿದ ಕೂಡಲೇ ಟೈಮ್‌ಶಿಫ್ಟ್ ಎಂಬ ಸಾಧನ ತೆರೆದು ಮೊದಲ ಸ್ನ್ಯಾಪ್‌ಶಾಟ್, ಅಂದರೆ ವ್ಯವಸ್ಥೆಯ ಆ ಹೊತ್ತಿನ ಪ್ರತಿ, ತೆಗೆದುಕೊಂಡೆ. ಯಾವುದಾದರೂ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ನಮ್ಮ ಫೈಲ್‌ಗಳಿಗೆ ಅದು ಬ್ಯಾಕಪ್ ಅಲ್ಲ, ಅದಕ್ಕೆ ಹೊರಗಿನ ಡಿಸ್ಕ್ ಬೇಕೇ ಬೇಕು.