ಬಾಯಿ ಕ್ಯಾನ್ಸರ್ ಸಾವಿನ ಲೆಕ್ಕ: ಕಾಸರಗೋಡಿನ ಗಡಿಯಲ್ಲಿ ನಾನು ಹುಡುಕಿದ್ದು

ನಾನು ಹಲ್ಲಿನ ಡಾಕ್ಟರ್. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆಯವರು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಹಲ್ಲುನೋವು ಅಂತ ಬಂದವರ ಕೆನ್ನೆಯೊಳಗೆ ಬಿಳಿ ಮಚ್ಚೆ, ಕೆಂಪು ಮಚ್ಚೆ, ಒಣಗದ ಹುಣ್ಣು ಕಾಣುವುದು ಇಲ್ಲಿ ಅಪರೂಪವಲ್ಲ. ಆದರೆ ಕೇರಳದ ಅಂಕಿಗಳನ್ನು ತೆಗೆದು ನೋಡಿದರೆ ನಮ್ಮ ರಾಜ್ಯ ತುಂಬಾ ಚೆನ್ನಾಗಿದೆ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ತಂಬಾಕು ಬಳಸುವವರು ನೂರಕ್ಕೆ 12.7 ಮಾತ್ರ. ಕರ್ನಾಟಕದಲ್ಲಿ 22.8. ತ್ರಿಪುರಾದಲ್ಲಿ 64.5.

ಈ 12.7 ನನ್ನ ಮುಂದೆ ಬಾಯಿ ತೆರೆಯುವವರಿಗೆ ಹೊಂದುವುದಿಲ್ಲ. ಅದು ತಿರುವನಂತಪುರದಿಂದ ಮಂಜೇಶ್ವರದವರೆಗಿನ ಇಡೀ ರಾಜ್ಯದ ಸರಾಸರಿ. ಅದರಲ್ಲಿ ಲೆಕ್ಕ ಹಾಕಿದ್ದು ತಂಬಾಕನ್ನು. ಹೊಗೆಸೊಪ್ಪು ಸೇರಿಸದೆ ಬರೀ ಎಲೆ, ಅಡಿಕೆ, ಸುಣ್ಣ ಜಗಿಯುವ ಅಜ್ಜಿ ಆ ಸಂಖ್ಯೆಯೊಳಗೆ ಬರುವುದೇ ಇಲ್ಲ. ನಮ್ಮ ಊರಿನ ಬಾಯಿಗಳನ್ನು ತಿಳಿಯಬೇಕಾದರೆ ರಾಜ್ಯದ ಅಂಕಿ ಸಾಲದು, ನಾನೇ ಹುಡುಕಬೇಕು ಅಂತ ಹೊರಟೆ.

ಮೊದಲು ಬೇರೆ ಕಡೆಯ ಚಿತ್ರವನ್ನು ಓದಿಕೊಂಡೆ. 2022ರ ಅಂದಾಜಿನಂತೆ ತುಟಿ ಮತ್ತು ಬಾಯಿಯ ಕ್ಯಾನ್ಸರಿನಿಂದ ಜಗತ್ತಿನಲ್ಲಿ ಸತ್ತವರು ಸುಮಾರು 1,88,000. ಅದರಲ್ಲಿ 80,000ದಷ್ಟು ಜನ ನಮ್ಮ ದೇಶದವರು. ಹತ್ತು ಸಾವಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ನಮ್ಮದೇ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 30ರಿಂದ 69 ವರ್ಷದ ಭಾರತೀಯ ಗಂಡಸರ ಕ್ಯಾನ್ಸರ್ ಸಾವುಗಳನ್ನು ವಿಂಗಡಿಸಿತ್ತು. 2010ರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಿಂದ ಸುಮಾರು 45,800 ಸಾವು, ಶ್ವಾಸಕೋಶದ್ದರಿಂದ 22,900. ಪಶ್ಚಿಮದ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರೇ ಮುಂದೆ. ಇಲ್ಲಿ ಬಾಯಿ, ಗಂಟಲಿನದು ಅದರ ಎರಡು ಪಟ್ಟು.

ದೇಶದೊಳಗೂ ಒಂದೊಂದು ಸೀಮೆಗೆ ಒಂದೊಂದು ಬಗೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಸಿ ಅಡಿಕೆ ಜಗಿಯುತ್ತಾರೆ, ಅಲ್ಲಿ ಅನ್ನನಾಳ ಮತ್ತು ಗಂಟಲಿನ ಕೆಳಭಾಗದ ಕ್ಯಾನ್ಸರ್ ಜಾಸ್ತಿ. ಅಹಮದಾಬಾದಿನಲ್ಲಿ ಬಾಯಿ, ನಾಲಿಗೆ. ಆಂಧ್ರದ ಶ್ರೀಕಾಕುಳಂ ಕಡೆ ಚುಟ್ಟಾದ (ತಂಬಾಕಿನ ಎಲೆ ಸುತ್ತಿ ಮಾಡಿದ ಚುರುಟಿನ) ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುವ ರೂಢಿ ಇತ್ತು, ಹೆಂಗಸರಲ್ಲಿ ವಿಶೇಷವಾಗಿ. ಅವರಿಗೆ ಅಂಗುಳದಲ್ಲಿ ಗಾಯವಾಗುತ್ತಿತ್ತು. ಬೇರೆ ಕಡೆ ಅಂಗುಳದ ಕ್ಯಾನ್ಸರ್ ಅಪರೂಪ. 1960ರ ದಶಕದಲ್ಲಿ ಮುಂಬೈಯ ಸಂಶೋಧಕರು ಎರ್ನಾಕುಳಂ, ಶ್ರೀಕಾಕುಳಂ, ಭಾವನಗರ, ಸಿಂಗ್‌ಭೂಮ್, ದರ್ಭಾಂಗ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಸುಮಾರು 50,000 ಜನರ ಬಾಯಿ ನೋಡಿದ್ದರು. ಯಾವ ಊರಲ್ಲಿ ಏನು ಬಳಸುತ್ತಾರೋ, ಎಲ್ಲಿ ಇಟ್ಟುಕೊಳ್ಳುತ್ತಾರೋ, ಗಾಯ ಅಲ್ಲೇ. ಇದನ್ನು ಓದಿದ ಮೇಲೆ ನಾನು ರೋಗಿಯ ಬಾಯಿ ನೋಡುವ ಮೊದಲು "ಯಾವ ಕಡೆಗೆ ಇಟ್ಟುಕೊಳ್ಳುತ್ತೀರಿ?" ಅಂತ ಕೇಳುವುದನ್ನು ರೂಢಿ ಮಾಡಿಕೊಂಡೆ. ಬಹಳ ಜನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಟಾರ್ಚ್ ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಇದು ರೋಗ ಎಷ್ಟು ಜನರಿಗೆ ಬರುತ್ತದೆ ಅನ್ನುವ ಮಾತು. ಸಾವಿನ ಪ್ರಮಾಣಕ್ಕೆ ಇನ್ನೊಂದು ಪಾಲು ಉಂಟು: ಬಂದವರು ಎಷ್ಟು ತಡವಾಗಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅಮೆರಿಕದಲ್ಲಿ ಈಗ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್ ಹೆಚ್ಚಾಗಿ ಎಚ್‌ಪಿವಿ ವೈರಸ್ಸಿನಿಂದ ಬರುತ್ತದೆ. ಅದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ನಮ್ಮದು ಹೆಚ್ಚಾಗಿ ಕೆನ್ನೆ ಮತ್ತು ಒಸಡಿನದು. ಬೇಗ ಸಿಕ್ಕಿದರೆ ಒಂದು ಆಪರೇಷನ್ನಿನಲ್ಲಿ ಮುಗಿಯಬಹುದು. ದವಡೆಯ ಎಲುಬಿಗೆ, ಕುತ್ತಿಗೆಯ ಗಂಟುಗಳಿಗೆ ಹೋದ ಮೇಲೆ ಸಿಕ್ಕಿದರೆ ಕಥೆಯೇ ಬೇರೆ. ದೇಶದಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವುದು ಮೂರನೇ, ನಾಲ್ಕನೇ ಹಂತದಲ್ಲಿ. ಒಂದೇ ರೋಗ ಒಂದು ಊರಲ್ಲಿ ಹೆಚ್ಚು ಕೊಲ್ಲುವುದಕ್ಕೆ ಇದು ದೊಡ್ಡ ಕಾರಣ.

ಹಾಗಾದರೆ ನಮ್ಮ ಪಂಚಾಯತಿನಲ್ಲಿ ಇದರಿಂದ ಎಷ್ಟು ಜನ ಸಾಯುತ್ತಾರೆ? ಕಡತದಲ್ಲಿ ಉತ್ತರ ಇರಲಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 22.5 ಮಾತ್ರ. ಮನೆಯಲ್ಲಿ ತೀರಿಕೊಂಡವರ ಹೆಸರಿನ ಮುಂದೆ "ವೃದ್ಧಾಪ್ಯ", "ಹೃದಯ ನಿಂತು" ಅಂತ ಇರುತ್ತದೆ. ಗಡಿಯವರಿಗೆ ಇನ್ನೊಂದು ತೊಡಕು. ಕಾನೂನಿನಂತೆ ಸಾವು ನೋಂದಣಿ ಆಗುವುದು ಸತ್ತ ಜಾಗದಲ್ಲಿ. ನಮ್ಮವರು ಕಷ್ಟ ಜಾಸ್ತಿಯಾದಾಗ ಹೋಗುವುದು ಮಂಗಳೂರಿಗೆ. ಅಲ್ಲಿ ತೀರಿಕೊಂಡರೆ ಸಾವು ಅಲ್ಲಿಯ ಪುಸ್ತಕದಲ್ಲಿ, ಮನೆ ಇಲ್ಲಿ. ನಮ್ಮ ಪಂಚಾಯತಿನ ಪುಸ್ತಕದಲ್ಲಿ ಆ ಮನುಷ್ಯನ ಸಾವೇ ಕಾಣುವುದಿಲ್ಲ. ಹೀಗಿರುವಾಗ ಎರಡು ಜಿಲ್ಲೆಗಳ ಅಂಕಿ ಪಕ್ಕಪಕ್ಕ ಇಟ್ಟು "ಇಲ್ಲಿ ಕಡಿಮೆ, ಅಲ್ಲಿ ಜಾಸ್ತಿ" ಅನ್ನುವುದು ಹೇಗೆ? ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳು ಇರುವುದರಿಂದಲೇ ಅಲ್ಲಿಯ ಸಾವು ಜಾಸ್ತಿ ಕಾಣಬಹುದು, ಅಲ್ವಾ? ಕೇರಳದಲ್ಲಿ ವಯಸ್ಸಾದವರ ಪಾಲೂ ಹೆಚ್ಚು. ವಯಸ್ಸನ್ನು ಸರಿದೂಗಿಸದೆ ಹೋಲಿಸಿದರೆ ಅದೂ ದಾರಿ ತಪ್ಪಿಸುತ್ತದೆ.

ನಾನು ಹಿಡಿದ ದಾರಿ ಸರಳವಾದದ್ದು. 2012ರ ಆ ದೊಡ್ಡ ಅಧ್ಯಯನದವರು ಸತ್ತವರ ಮನೆಗೆ ಹೋಗಿ, ಕೊನೆಯ ತಿಂಗಳುಗಳಲ್ಲಿ ಏನೇನಾಯಿತು ಅಂತ ಮನೆಯವರನ್ನು ಕೇಳಿ, ಅದರಿಂದ ಕಾರಣ ಗುರುತಿಸುವ ಕ್ರಮ ಬಳಸಿದ್ದರು. ಅದನ್ನೇ ನಮ್ಮ ಅಳತೆಗೆ ಇಳಿಸಿಕೊಂಡೆ. ಆಶಾ ಕಾರ್ಯಕರ್ತೆಯರಿಗೆ ತಮ್ಮ ವಾರ್ಡಿನ ಪ್ರತಿಯೊಂದು ಸಾವೂ ನೆನಪಿರುತ್ತದೆ, ಎಲ್ಲಿ ಸತ್ತರು ಅನ್ನುವುದೂ ಸೇರಿ. ಅವರ ಜೊತೆ ಕೂತು ಪಟ್ಟಿ ಮಾಡಿದೆ. ವರ್ಷಾಂತಿಕ ಮುಗಿಯದ ಮನೆಗಳಿಗೆ ಆಗಲೇ ಹೋಗಬೇಡಿ ಅಂದರು ಅವರು. ಅದನ್ನು ಪಾಲಿಸಿದೆವು.

ಮನೆಯಲ್ಲಿ "ಕ್ಯಾನ್ಸರ್ ಇತ್ತಾ?" ಅಂತ ಶುರು ಮಾಡಿದರೆ ಮಾತು ನಿಲ್ಲುತ್ತದೆ. ಊಟದಿಂದ ಶುರು ಮಾಡಬೇಕು. ಕೊನೆಕೊನೆಗೆ ಗಂಜಿ ಇಳಿಯುತ್ತಿತ್ತಾ? ಖಾರ ತಿಂದರೆ ಉರಿ ಅನ್ನುತ್ತಿದ್ದರಾ? ಬಾಯಿ ಪೂರ್ತಿ ತೆರೆಯಲು ಆಗುತ್ತಿತ್ತಾ? ಕೆನ್ನೆಯಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಇತ್ತಾ? ಸ್ವರ ಬದಲಾಗಿತ್ತಾ? ಮೂಗಿನಲ್ಲಿ ನಳಿಗೆ ಹಾಕಿದ್ದರಾ? ಆಮೇಲೆ ನಿಧಾನಕ್ಕೆ, ಮೊದಲು ಹುಣ್ಣು ಕಂಡದ್ದು ಯಾವಾಗ, ಮೊದಲು ಯಾರಿಗೆ ತೋರಿಸಿದಿರಿ? ತಿಂಗಳು ನೆನಪಿಲ್ಲದಿದ್ದರೆ ಹಬ್ಬ ಕೇಳುತ್ತೇವೆ. ಆಟಿಗೆ (ತುಳುವರ ಮಳೆಗಾಲದ ತಿಂಗಳು) ಮೊದಲೋ ಆಮೇಲೋ, ನೋಂಬಿನ (ರಂಜಾನ್ ಉಪವಾಸದ) ತಿಂಗಳಲ್ಲೋ. ಹಬ್ಬ ಹಿಡಿದರೆ ಸಮಯ ಸರಿಯಾಗಿ ಸಿಗುತ್ತದೆ.

ಮನೆಯವರ ಹತ್ತಿರ ಆಸ್ಪತ್ರೆಯ ಹಳೆ ಫೈಲು ಇರುತ್ತದೆ. ಯಾರೂ ಅದನ್ನು ಬಿಸಾಡುವುದಿಲ್ಲ. ಅಲ್ಲಿ ಬಯಾಪ್ಸಿ (ಗಾಯದ ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಸಿಕ್ಕಿದರೆ ಸಂಶಯ ಇಲ್ಲ. ಕಡತದಲ್ಲಿ ಬೇರೆ ಕಾರಣ ಬರೆದ ಸಾವುಗಳ ಫೈಲಿನಲ್ಲಿ "ಕೆನ್ನೆಯ ಒಳಭಾಗದ ಕ್ಯಾನ್ಸರ್" ಅಂತ ಓದಿದ್ದೇನೆ. ಇನ್ನು ಕೆಲವು ಮನೆಗಳಲ್ಲಿ ಫೈಲು ಇರಲಿಲ್ಲ, ಡಾಕ್ಟರನ್ನೇ ಕಂಡಿರಲಿಲ್ಲ.

ಈ ಮಾತುಕತೆಗಳಿಂದ ನನಗೆ ಸಿಕ್ಕಿದ್ದು ಸತ್ತವರ ಎಣಿಕೆಗಿಂತ ಹೆಚ್ಚಾಗಿ ತಡವಾದ ದಾರಿ. ಅದು ಮನೆಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು "ಉಷ್ಣ ಆಗಿದೆ" ಅಂತ ಎಳನೀರು, ಮಜ್ಜಿಗೆ. ಆಮೇಲೆ ಮೆಡಿಕಲ್ ಶಾಪಿನ ಮುಲಾಮು. ಆಮೇಲೆ ಹಲ್ಲು ಅಲ್ಲಾಡಿದಾಗ ಕೀಳಿಸುವುದು. ಒಸಡಿನ ಕ್ಯಾನ್ಸರಿನಲ್ಲಿ ಹಲ್ಲು ಸಡಿಲವಾಗುತ್ತದೆ. ಅದನ್ನು ಕಿತ್ತರೆ ಗಾಯ ಒಣಗುವುದಿಲ್ಲ, ಅಲ್ಲೇ ಮಾಂಸ ಬೆಳೆಯುತ್ತದೆ. ಹಲ್ಲಿನ ಡಾಕ್ಟರುಗಳು ನಾವು ಇದಕ್ಕೆ ತುಂಬಾ ಹುಷಾರಾಗಿರಬೇಕು. ಸುತ್ತಲಿನ ಹಲ್ಲುಗಳು ಗಟ್ಟಿ ಇದ್ದು, ಒಂದೋ ಎರಡೋ ಮಾತ್ರ ಕಾರಣವಿಲ್ಲದೆ ಅಲ್ಲಾಡಿದರೆ ಎಕ್ಸ್‌ರೇ ಇಲ್ಲದೆ ನಾನು ಕೈ ಹಾಕುವುದಿಲ್ಲ.

ಒಬ್ಬ ಹಿರಿಯರು ಹೇಳಿದ್ದು: "ನೋವೇ ಇಲ್ಲ ಮಾರಾಯ್ರೆ. ನೋವಿಲ್ಲದ್ದನ್ನು ಡಾಕ್ಟ್ರಿಗೆ ತೋರಿಸಿ ಏನು ಹೇಳುವುದು?" ಇಡೀ ಸಮಸ್ಯೆ ಈ ಮಾತಿನಲ್ಲಿದೆ. ಶುರುವಿನಲ್ಲಿ ಇದು ನೋಯುವುದಿಲ್ಲ.

ಎಣ್ಮಕಜೆ ಕಡೆ ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಇದು ಎಂಡೋಸಲ್ಫಾನಿನಿಂದಲಾ? ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರಿದು. ಕೇಳುವುದು ಸಹಜ, ಅವರ ಸಿಟ್ಟು ನ್ಯಾಯವಾದದ್ದು. ನಾನು ಹೇಳುವುದು ಇಷ್ಟು: ಜಗಿಯುವವರಿಗೆ, ಅದೂ ಜಗಿದದ್ದು ಕೂರುವ ಕಡೆಯ ಕೆನ್ನೆಯಲ್ಲೇ ಬಂದ ಗಾಯಕ್ಕೆ, ಜಗಿದದ್ದನ್ನೇ ಮೊದಲು ನೋಡಬೇಕು. ಅದು ಇವತ್ತು ನಮ್ಮ ಕೈಯಲ್ಲಿರುವ ಕಾರಣ.

ಹೀಗೆ ದಾರಿ ಗೊತ್ತಾದ ಮೇಲೆ ಬದುಕಿರುವವರ ಬಾಯಿ ನೋಡುವ ಕೆಲಸ. ಇದಕ್ಕೆ ಗಟ್ಟಿ ಪುರಾವೆ ನಮ್ಮ ರಾಜ್ಯದ್ದೇ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪ್ರದೇಶಗಳನ್ನು ಆರಿಸಿ, ಏಳರಲ್ಲಿ ಮನೆಮನೆಗೆ ಹೋಗಿ ಬಾಯಿ ನೋಡಿದರು, ಆರರಲ್ಲಿ ಎಂದಿನ ವ್ಯವಸ್ಥೆಯೇ ಇರಲಿ ಅಂತ ಬಿಟ್ಟರು. ಎರಡೂ ಸೇರಿ 1,90,000ದಷ್ಟು ಜನ. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ, ಬಾಯಿ ನೋಡಿದ ಕಡೆ, ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆ. ಬಾಯಿ ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಏನೂ ಬಳಸದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅದಕ್ಕೇ ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ದೊಡ್ಡ ಶಿಬಿರ ಮಾಡುವುದಿಲ್ಲ. ಜಗಿಯುವವರು, ಸೇದುವವರು, ಕುಡಿಯುವವರು ಇರುವಲ್ಲಿಗೆ ಹೋಗುತ್ತೇನೆ. ಅಡಿಕೆ ಸುಲಿಯುವ ಅಂಗಳ, ಕಟ್ಟಡದ ಕೆಲಸದವರ ಶೆಡ್ಡು, ಸಂಜೆಯ ರಿಕ್ಷಾ ಸ್ಟ್ಯಾಂಡ್.

ಬೇಕಾದದ್ದು ಟಾರ್ಚ್, ಎರಡು ಬಾಯಿ ಕನ್ನಡಿ, ಗಾಜ್ ಬಟ್ಟೆ, ಗ್ಲೌಸ್. ಮೊದಲು ಬಾಯಿ ತೊಳೆಯಲು ಹೇಳುತ್ತೇನೆ. ಸೆಟ್ಟು ಹಲ್ಲಿದ್ದರೆ ತೆಗೆಸುತ್ತೇನೆ. ತುಟಿ, ಎರಡೂ ಕೆನ್ನೆಯ ಒಳಭಾಗ, ಕೆನ್ನೆ ಮತ್ತು ಒಸಡಿನ ನಡುವಿನ ಸಂದು, ಆಮೇಲೆ ಗಾಜ್ ಬಟ್ಟೆಯಲ್ಲಿ ನಾಲಿಗೆ ಹಿಡಿದು ಎಳೆದು ಎರಡೂ ಅಂಚು, ನಾಲಿಗೆಯ ಅಡಿ, ಅಂಗುಳ, ಕೊನೆಗೆ ಕುತ್ತಿಗೆಯನ್ನು ಬೆರಳಿನಿಂದ ಒತ್ತಿ. ಕೆಲವೇ ನಿಮಿಷದ ಕೆಲಸ. ಉಜ್ಜಿದರೆ ಹೋಗದ ಬಿಳಿ ಮಚ್ಚೆ ಬರೆದಿಟ್ಟುಕೊಳ್ಳುತ್ತೇನೆ. ಕೆಂಪು ಮಚ್ಚೆ ಅದಕ್ಕಿಂತ ಅಪಾಯ, ಅದನ್ನು ಕಾಯುವ ಹಾಗಿಲ್ಲ. ಎರಡು ವಾರ ಮೀರಿದ ಹುಣ್ಣು, ಮುಟ್ಟಿದರೆ ಅಂಚು ಗಟ್ಟಿ ಇರುವ ಹುಣ್ಣು ಬಯಾಪ್ಸಿಗೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲಿನಲ್ಲಿ ಅಳೆಯುತ್ತೇನೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಮೂರು ಬೆರಳು ನೆಟ್ಟಗೆ ಹೋಗಬೇಕು ಅನ್ನುವ ಅಳತೆ ಸಾಕು.

ಬಾಯಿ ಬಿಗಿದುಕೊಳ್ಳುವುದು ಈಗ ಹುಡುಗರಲ್ಲಿ ಕಾಣುತ್ತಿದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಡಿಕೆಯಿಂದ ಬರುವುದು. ಎರ್ನಾಕುಳಂನಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ ನೂರಕ್ಕೆ 7.6 ಜನರಿಗೆ ಕ್ಯಾನ್ಸರ್ ಆಯಿತು. ಗುಟ್ಕಾ ಕೇರಳದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ನಿಷೇಧವಾಗಿದೆ. ಆದರೂ ಹುಡುಗರ ಕಿಸೆಯಲ್ಲಿ ಪ್ಯಾಕೆಟ್ ಇರುತ್ತದೆ.

ಅಡಿಕೆಯ ಮಾತು ನಮ್ಮ ಕಡೆ ಆಡುವುದು ಕಷ್ಟ. ನಮ್ಮದೂ ತೋಟದ ಮನೆ, ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಕೊಳೆರೋಗ, ಹಳದಿ ರೋಗದಿಂದ ಸೋತ ಕೃಷಿಕರ ಮುಂದೆ ಹೋಗಿ ಅಡಿಕೆ ಕೆಟ್ಟದು ಅನ್ನಲು ಬಾಯಿ ಬರುವುದಿಲ್ಲ. ಆದರೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಾನು ನೋಡುವ ಬಾಯಿಗಳೂ ಅದನ್ನೇ ಹೇಳುತ್ತವೆ. ಅದನ್ನು ಮುಚ್ಚಿಟ್ಟು ಚಿಕಿತ್ಸೆ ಮಾಡಲು ನನ್ನಿಂದ ಆಗುವುದಿಲ್ಲ. ಪೂಜೆಗೆ, ಮದುವೆಗೆ ವೀಳ್ಯ ಕೊಡುವುದು ಬೇರೆ. ಇಡೀ ದಿನ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಬಿಡಲು ಆಗದವರಿಗೆ ಮೊದಲು ರಾತ್ರಿ ಬಾಯಲ್ಲಿಟ್ಟು ಮಲಗುವುದನ್ನು ನಿಲ್ಲಿಸಿ ಅನ್ನುತ್ತೇನೆ, ಆಮೇಲೆ ಹೊಗೆಸೊಪ್ಪು, ಆಮೇಲೆ ಅಡಿಕೆ. ಒಮ್ಮೆಗೇ ಬಿಡುವುದೇ ಒಳ್ಳೆಯದು. ಆದರೆ ಐವತ್ತು ವರ್ಷ ಜಗಿದ ಅಜ್ಜಿ ಈ ಕ್ರಮದಲ್ಲಾದರೆ ಒಪ್ಪುತ್ತಾರೆ.

ಗಾಯ ಸಿಕ್ಕಿದ ಮೇಲೆ ಎಲ್ಲಿಗೆ ಕಳಿಸುವುದು ಅನ್ನುವುದು ಗಡಿಯ ದೊಡ್ಡ ಪ್ರಶ್ನೆ. ಮಂಗಳೂರು ಹತ್ತಿರ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ದೂರ, ಆದರೆ ಅದು ನಮ್ಮದೇ ರಾಜ್ಯದ್ದು. ಆರೋಗ್ಯ ಕಾರ್ಡ್ ಎಲ್ಲಿ ನಡೆಯುತ್ತದೆ ಅಂತ ಬಸ್ಸು ಹತ್ತುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತೇವೆ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ. ಆವತ್ತಿನಿಂದ ಪ್ರತಿ ರೋಗಿಗೂ ಎರಡೂ ಕಡೆಯ ದಾರಿ ಬರೆದುಕೊಡುತ್ತೇನೆ. ಸುಮ್ನೆ ಚೀಟಿ ಕೊಟ್ಟರೆ ಅರ್ಧ ಜನ ಹೋಗುವುದಿಲ್ಲ. ಜೊತೆಗೆ ಯಾರು ಹೋಗುತ್ತಾರೆ, ಯಾವ ದಿನ, ಹಸುವಿಗೆ ಹುಲ್ಲು ಹಾಕುವವರು ಯಾರು ಅನ್ನುವವರೆಗೆ ಕೂತು ಮಾತಾಡಬೇಕು. ಆಶಾ ಅಕ್ಕಂದಿರು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಸಾವಿನ ಲೆಕ್ಕದ ಕೆಲಸವನ್ನೂ ಬಿಟ್ಟಿಲ್ಲ. ಜನನ ಮರಣ ನೋಂದಣಿ ಕಾನೂನಿಗೆ 2023ರಲ್ಲಿ ತಂದ ತಿದ್ದುಪಡಿಯಂತೆ ಆಸ್ಪತ್ರೆ ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಿ ಅಧಿಕಾರಿಗೆ ಕಳಿಸಬೇಕು, ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಮಂಗಳೂರಿನಲ್ಲೋ ತಲಶ್ಶೇರಿಯಲ್ಲೋ ಮನೆಯವರನ್ನು ಕಳೆದುಕೊಂಡವರು ಆ ಪ್ರತಿ ಕೇಳಿ ಪಡೆಯಿರಿ. ಖಾಯಂ ವಿಳಾಸದ ಜಾಗದಲ್ಲಿ ನಮ್ಮ ಪಂಚಾಯತಿನ ಹೆಸರು ಸರಿಯಾಗಿ ಬರೆಸಿ. ಊರಿಗೆ ಬಂದ ಮೇಲೆ ವಾರ್ಡಿನ ಆಶಾ ಅಕ್ಕನಿಗೆ ತೋರಿಸಿ. ಅವರ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಪುಟ ತೆರೆದಿದ್ದೇವೆ. ಆ ಮನೆಯಲ್ಲಿ ಜಗಿಯುವವರು ಇನ್ನೂ ಯಾರಾದರೂ ಇದ್ದರೆ, ಮುಂದಿನ ಭೇಟಿಯಲ್ಲಿ ಮೊದಲು ಅವರ ಬಾಯಿ ನೋಡುತ್ತೇವೆ.