ಕರೆಂಟ್ ಹೋದರೂ ಆಯಿಗೆ ಹುಣ್ಣಾಗದ ಹಾಗೆ ನೋಡಿಕೊಂಡಿದ್ದು

ಲಕ್ವ ಹೊಡೆದ ಮೇಲೆ ಆಯಿ (ಅಮ್ಮ) ಮಲಗಿದಲ್ಲೇ. ಒಂದೇ ಕಡೆ ಒತ್ತಿ ಹುಣ್ಣಾಗದಿರಲಿ ಅಂತ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ತಂದಿದ್ದೆವು. ಆದರೆ ನಮ್ಮ ಶಿರಸಿ ಕಡೆ ಮಳೆಗಾಲ ಅಂದರೆ ಗೊತ್ತಲ್ವಾ, ಮರ ಬಿದ್ದು ಕರೆಂಟ್ ಹೋದರೆ ರಾತ್ರಿಯಿಡೀ ಇಲ್ಲ, ಪಂಪ್ ನಿಂತು ಬೆಡ್ಡಿನ ಗಾಳಿ ಇಳಿಯುತ್ತಿತ್ತು. ಸೊಂಟದ ಕೆಳಗೆ ಕೆಂಪಾಯಿತು. ಬೆರಳಿಂದ ಒತ್ತಿದರೂ ಆ ಕೆಂಪು ಮಾಸಲಿಲ್ಲ. ಅದು ಹುಣ್ಣಿನ ಮೊದಲ ಹಂತ ಅಂತ ನರ್ಸ್ ಹೇಳಿದರು.

ಪಂಪಿಗೆ ಬೇಕಾಗುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಅದಕ್ಕಿಂತ ಜಾಸ್ತಿ ಉಪಕಾರ ಆಗಿದ್ದು ಮಗ್ಗುಲು ಬದಲಿಸಿದ್ದರಿಂದ. 2 ಗಂಟೆಗೊಮ್ಮೆ ಎಡ, ಬಲ. ಕೆಂಪು ಇಳಿಯುವವರೆಗೆ ಅಂಗಾತ ಮಲಗಿಸಲೇ ಇಲ್ಲ. ಪೂರ್ತಿ ಮಗ್ಗುಲಿಗೂ ಅಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು. ಎಳೆಯಬೇಡಿ, ಚರ್ಮ ಉಜ್ಜುತ್ತದೆ. ಹಳೇ ಸೀರೆ ಮಡಚಿ ಅಡಿಗೆ ಹಾಸಿ ಇಬ್ಬರು ಎತ್ತಿಯೇ ಸರಿಸುತ್ತೇವೆ. ಗಂಟೆ, ಮಗ್ಗುಲು ಎರಡನ್ನೂ ಕ್ಯಾಲೆಂಡರ್ ಹಿಂದೆ ಬರೆಯುತ್ತೇವೆ. ಹಗಲು ಅತ್ತಿಗೆ, ರಾತ್ರಿ ನಾನು.

ಕೆಂಪಾದಲ್ಲಿ ಎಣ್ಣೆ ಹಾಕಿ ತಿಕ್ಕಿ ಅನ್ನುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ಇನ್ನೂ ಪೆಟ್ಟಾಗುತ್ತದೆ. ಬಟ್ಟೆ ಒದ್ದೆಯಾದರೆ ಆಗಲೇ ಬದಲಿಸಿ. ಆಯಿಯ ಕೆಂಪು ಇಳಿಯಿತು, ಚರ್ಮ ಒಡೆಯಲಿಲ್ಲ.